ಮೂರು ತಿಂಗಳು ತುಂಬದ ಸುದ್ದಿ

ನಮ್ಮ ಮನೆಯಲ್ಲಿ ಯಾವ ಸುದ್ದಿಯಾದರೂ ನನಗೆ ಕಟ್ಟಕಡೆಗೆ ತಿಳಿಯುತ್ತದೆ. ಯಜಮಾನನೆಂಬ ಪದವಿಯ ಜೊತೆಗೇ ಬಂದ ಗೌರವ ಇದು, ನಾನು ಆಕ್ಷೇಪಿಸಿದವನಲ್ಲ. ಹೀಗಾಗಿ ಮಗಳು ಬಸುರಿಯೆಂಬುದು ನನ್ನ ಹೆಂಡತಿಗೆ ಗೊತ್ತಿತ್ತು, ಗಂಡ ತೀರಿಕೊಂಡ ಮೇಲೆ ನಮ್ಮ ಜೊತೆಗೇ ಇರುವ ನನ್ನ ಅಕ್ಕನಿಗೆ ಗೊತ್ತಿತ್ತು, ಪಾವಗಡದ ಕಡೆ ಸೋಲಾರ್ ಪ್ಲಾಂಟಿನಲ್ಲಿ ಕೆಲಸಕ್ಕಿರುವ ಅಳಿಯನಿಗೆ ಗೊತ್ತಿತ್ತು. ಮಧುಗಿರಿಯ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿ ನಿವೃತ್ತನಾದ ನನಗೆ ಮಾತ್ರ ಗೊತ್ತಿರಲಿಲ್ಲ.

ಬಸಿರಿನ ಸುದ್ದಿ ಮೂರು ತಿಂಗಳು ತುಂಬುವವರೆಗೆ ಬಾಯಿಂದ ಹೊರಗೆ ಬೀಳಬಾರದು ಎನ್ನುವುದು ನಮ್ಮ ಕಡೆಯ ಪದ್ಧತಿ. ಹೇಳಿದರೆ ದೃಷ್ಟಿ ತಾಗುತ್ತದೆ. ಇದಕ್ಕೆ ಮುಂಚೆ ಮಗಳಿಗೆ ಒಮ್ಮೆ ನಿಂತು, ಮೂರನೇ ತಿಂಗಳಿನಲ್ಲೇ ಹೋಗಿಬಿಟ್ಟಿತ್ತು. ಮೊದಮೊದಲ ತಿಂಗಳುಗಳಲ್ಲಿ ಹೀಗಾಗುವುದುಂಟು, ಎಷ್ಟೋ ಸಲ ಇಂಥದ್ದೇ ಕಾರಣ ಅಂತ ಇರುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಕಾರಣವೇ ಇಲ್ಲ ಎಂಬ ಉತ್ತರವನ್ನು ನಮ್ಮ ಅಕ್ಕ ಹುಟ್ಟಿದಾರಭ್ಯ ಒಪ್ಪಿದವಳಲ್ಲ. ಅವಳು ತಾನೇ ತನಿಖಾ ಆಯೋಗವಾಗಿ, ತಾನೇ ಸಾಕ್ಷಿಯಾಗಿ, ತಾನೇ ತೀರ್ಪನ್ನೂ ಕೊಟ್ಟಳು: ಸುದ್ದಿ ಬೇಗ ಹೊರಗೆ ಬಿದ್ದದ್ದೇ ಕಾರಣ. ಹೊರಗೆ ಹಾಕಿದವನು ನಾನು, ಹಾಲಿನ ಡೈರಿಯ ಮುಂದೆ. ಆದ್ದರಿಂದ ಈ ಸಲ ನನ್ನನ್ನು ಹೊರಗಿಟ್ಟೇ ವ್ಯವಹಾರ ನಡೆದಿತ್ತು.

ಮಗಳು ಕೊಡಿಗೇನಹಳ್ಳಿ ಕಡೆಯ ಒಂದು ಪ್ರಾಥಮಿಕ ಶಾಲೆಯಲ್ಲಿ ಮೇಡಂ. ಗಂಡ ಅತ್ತ, ಕೆಲಸ ಇತ್ತ. ವಾರವೆಲ್ಲ ನಮ್ಮ ಮನೆಯಲ್ಲಿದ್ದು ಸ್ಕೂಟಿಯಲ್ಲಿ ಓಡಾಡುತ್ತಿದ್ದಳು. ಒಂದು ಸಂಜೆ ಬರುವಾಗ ಊರ ಬಾಗಿಲಿನ ಹಂಪ್ ಮೇಲೆ ಗಾಡಿ ಎತ್ತಿ ಹಾಕಿತು. ಬೀಳಲಿಲ್ಲ. ಆದರೆ ಸೊಂಟದೊಳಗೆ ಏನೋ ಕಳಚಿದಂತಾಯಿತಂತೆ. ಮಾರನೆಯ ದಿನ ನೋವು ಕಾಲಿಗಿಳಿಯಿತು. ಆಮೇಲೆ ನೋವೇ ವಾಸಿ ಅನ್ನುವ ಹಾಗೆ ಪಾದ ಮರಗಟ್ಟಿತು. ಚಪ್ಪಲಿ ಕಾಲಿನಿಂದ ಜಾರಿ ಬಿದ್ದರೆ ಅವಳಿಗೆ ತಿಳಿಯುತ್ತಿರಲಿಲ್ಲ; ಹಿಂದೆ ಬರುತ್ತಿದ್ದವರು ಹೇಳಬೇಕಾಗುತ್ತಿತ್ತು.

ಮೂಳೆ ಡಾಕ್ಟರು ಕಾಲನ್ನು ಎತ್ತಿ ಇಳಿಸಿ ನೋಡಿ, ನರ ಒತ್ತಿದೆ, ಮೊದಲು ಎಕ್ಸ್‌ರೇ ತೆಗೆಸಿ ಅಂದರು. ಅಕ್ಕ ಎದ್ದು ನಿಂತಳು.

"ಎಕ್ಸ್‌ರೇ ಬ್ಯಾಡಿ ಸಾ. ನಮ್ ವಂಶಕ್ಕೆ ಎಕ್ಸ್‌ರೇ ಆಗ್‌ಬರಕಿಲ್ಲ."

"ಯಾವ ವಂಶಕ್ಕೆ? ನಿನ್ನ ಮೊಣಕಾಲಿಗೆ ಹೋದ ವರ್ಷ ತೆಗೆಸಿದ್ದು ಏನು?" ಅಂದೆ.

"ನೀನ್ ಸುಮ್ಕಿರ್ಲಾ. ಅದ್ಕೇ ಆ ಮೊಣಕಾಲು ಇನ್ನೂ ಹಂಗೇ ಇರೋದು."

ಡಾಕ್ಟರಿಗೆ ನಗು ಬಂತು. "ಆಯ್ತಮ್ಮ, ಎಕ್ಸ್‌ರೇಯಲ್ಲಿ ನರ ಹೆಂಗೂ ಕಾಣಲ್ಲ. ನೇರ ತುಮಕೂರಿಗೆ ಹೋಗಿ ಎಂಆರ್‌ಐ ಮಾಡಿಸ್ಕೊಂಡು ಬನ್ನಿ. ಅದರಲ್ಲಿ ವಿಕಿರಣ ಗಿಕಿರಣ ಏನಿಲ್ಲ, ಬರೀ ಮ್ಯಾಗ್ನೆಟ್ಟು. ಪಾದ ಇನ್ನೂ ಸೋತರೆ ಆಪರೇಷನ್ನಿಗೆ ಹೋಗಬೇಕಾಗುತ್ತೆ, ತಡ ಮಾಡಬೇಡಿ."

ಅಕ್ಕನ ಮುಖ ತಿಳಿಯಾಯಿತು. ದಾರಿಯಲ್ಲಿ ನನ್ನನ್ನು ಕೇಳಿದಳು: "ಲೇ, ಅಷ್ಟು ವರ್ಸ ಮಕ್ಳಿಗೆ ಪಾಠ ಹೇಳ್ದೋನು ನೀನು. ಅಯಸ್ಕಾಂತದಿಂದ ಮನುಷ್ಯರಿಗೆ ಏನಾರ ಆಯ್ತದೇನ್ಲಾ?"

"ಕಬ್ಬಿಣ ಆಗಿದ್ದರೆ ಆಗುತ್ತೆ. ಮನುಷ್ಯರಿಗೆ ಏನಾಗುತ್ತೆ?"

ಪ್ರಶ್ನೆಯ ಹಿಂದೆ ಇನ್ನೊಬ್ಬ ಮನುಷ್ಯ ಇದ್ದಾನೆಂದು ನನಗೇನು ಗೊತ್ತು.

ಬಾಡಿಗೆ ಕಾರಿನಲ್ಲಿ ಕೊರಟಗೆರೆ ಮೇಲೆ ತುಮಕೂರಿಗೆ ಹೋದೆವು. ಹಿಂದಿನ ಸೀಟಿನಲ್ಲಿ ಮಗಳನ್ನು ಅಡ್ಡ ಮಲಗಿಸಿ, ಅವಳ ತಲೆಯನ್ನು ಅಕ್ಕ ತೊಡೆಯ ಮೇಲಿಟ್ಟುಕೊಂಡಿದ್ದಳು. ಹಂಪ್ ಬಂದಾಗಲೆಲ್ಲ "ಮೆತ್ತಗೆ ಕಣಪ್ಪಾ, ಮೆತ್ತಗೆ" ಎಂದು ಡ್ರೈವರಿಗೆ ಹೇಳುತ್ತಿದ್ದಳು. ಸೊಂಟಕ್ಕಾಗಿ ಹೇಳುತ್ತಿದ್ದಾಳೆಂದು ನಾನು ತಿಳಿದೆ.

ಸ್ಕ್ಯಾನಿಂಗ್ ಸೆಂಟರಿನ ಹಜಾರ ತುಂಬಿತ್ತು. ಯಂತ್ರವಿದ್ದ ಕೋಣೆಯ ಬಾಗಿಲ ಮೇಲೆ, ಅಯಸ್ಕಾಂತ ಯಾವಾಗಲೂ ಚಾಲನೆಯಲ್ಲಿರುತ್ತದೆ ಎಂದು ಕೆಂಪು ಅಕ್ಷರದಲ್ಲಿ ಬರೆದಿದ್ದರು. ಕರೆಂಟು ಯಾವಾಗಲೂ ಇರುತ್ತದೆಂದು ನಮ್ಮ ಕಡೆ ಯಾರೂ ಬರೆದು ಹಾಕಿದ್ದನ್ನು ನಾನು ಕಂಡಿಲ್ಲ; ಯಾವಾಗಲೂ ಇರುವಂಥದ್ದೊಂದು ಆ ಬಾಗಿಲ ಆಚೆ ಕೂತಿದೆಯೆಂದು ಓದಿದಾಗ ನನಗೇ ಸ್ವಲ್ಪ ಇರಸುಮುರಸಾಯಿತು. ಬಾಗಿಲು ತೆರೆದು ಮುಚ್ಚಿದಾಗಲೆಲ್ಲ ಒಳಗಿನಿಂದ ಒಂದು ಮೆಲ್ಲನೆಯ ಸದ್ದು, ಮಲಗಿದ ದೊಡ್ಡ ಪ್ರಾಣಿಯ ಉಸಿರಿನಂತೆ, ಬಂದು ಹೋಗುತ್ತಿತ್ತು.

ನೀಲಿ ಬಟ್ಟೆಯ ಟೆಕ್ನಿಷಿಯನ್ ಹೆಂಗಸು ಬಂದು, ಮೈಮೇಲಿನ ಲೋಹವೆಲ್ಲ ತೆಗೆಯಬೇಕು ಅಂದಳು. ಬಳೆ, ಓಲೆ, ಪಿನ್ನು, ಕಾಲುಂಗುರ ಒಂದೊಂದಾಗಿ ಅಕ್ಕನ ಸೆರಗಿಗೆ ಬಿದ್ದವು. "ತಾಳೀನೂ" ಅಂದಳು ಆಕೆ.

"ಚಿನ್ನ ಕಣಮ್ಮಾ ಅದು. ಚಿನ್ನಾನ ಅಯಸ್ಕಾಂತ ಹಿಡೀತದಾ? ಲೇ, ನೀನ್ ಹೇಳ್ಲಾ."

"ಹಿಡಿಯಲ್ಲ" ಅಂದೆ, ಇಲಾಖೆಯ ಗೌರವ ಉಳಿಸಿಕೊಂಡು.

"ಹಿಡಿಯಲಿ ಬಿಡಲಿ, ಒಳಗೆ ಬಿಡಲ್ಲ ಅಮ್ಮ" ಅಂದಳು ಆಕೆ.

ಅಕ್ಕ ಬರುವಾಗಲೇ ಸಿದ್ಧಳಾಗಿ ಬಂದಿದ್ದಳೆಂದು ಆಗ ತಿಳಿಯಿತು. ರವಿಕೆಯೊಳಗಿಂದ ಅರಿಶಿನದ ಕೊಂಬು ಕಟ್ಟಿದ ದಾರ ತೆಗೆದು ಮಗಳ ಕೊರಳಿಗೆ ಬಿಗಿದು, ಆಮೇಲೆ ತಾಳಿ ಬಿಚ್ಚಿಸಿದಳು. ಬಿಚ್ಚಿದ್ದನ್ನು ಕಣ್ಣಿಗೊತ್ತಿಕೊಂಡು ಸೆರಗಿನಲ್ಲಿ ಗಂಟು ಹಾಕಿದಳು. ತಾಳಿ ಬಿಚ್ಚಿಸುವ ಬಾಗಿಲ ಒಳಗೆ ಹೋದವರಿಗೆ ಒಳ್ಳೆಯದಾದದ್ದನ್ನು ಅವಳು ಕೇಳಿರಲಿಲ್ಲ.

ಟೆಕ್ನಿಷಿಯನ್ ಹೆಂಗಸು ಎಲ್ಲರಿಗೂ ಕೇಳುವ ಪ್ರಶ್ನೆಗಳನ್ನು ಕೇಳಿದಳು. ಹೃದಯಕ್ಕೆ ಪೇಸ್‌ಮೇಕರ್ ಹಾಕಿದ್ದಾರಾ? ಆಪರೇಷನ್ ಆಗಿ ಒಳಗೆ ರಾಡು, ಕ್ಲಿಪ್ಪು ಏನಾದರೂ ಇದೆಯಾ?

"ಪ್ರೆಗ್ನೆಂಟ್ ಇದ್ದೀರಾ?"

ಮಗಳು ಬಾಯಿ ತೆರೆದಳು. ನಮ್ಮೆದುರಿನ ಬೆಂಚಿನಲ್ಲಿ ನಮ್ಮದೇ ಊರಿನ ಗಂಡ ಹೆಂಡತಿ ಕೂತಿದ್ದರು. ಆ ಹೆಂಡತಿಯ ಕಣ್ಣು ಬಿದ್ದರೆ ಹೂಬಿಟ್ಟ ಬದನೆ ಗಿಡ ಒಣಗುತ್ತದೆಂದು ನಮ್ಮ ಬೀದಿಯಲ್ಲಿ ಖ್ಯಾತಿ. ಆಕೆ ಅದುವರೆಗೆ ಎಲ್ಲೋ ನೋಡುತ್ತಿದ್ದವಳು ಇತ್ತ ತಿರುಗಿದಳು.

"ಇಲ್ಲ ಕಣಮ್ಮ" ಅಂದಳು ಅಕ್ಕ, ಹಜಾರಕ್ಕೆಲ್ಲ ಕೇಳುವಂತೆ. "ಅಂಥದ್ದೇನೂ ಇಲ್ಲ. ಇದ್ರೆ ಹೇಳ್ತಿರ್ಲಿಲ್ವಾ?"

ಮಗಳು ಬಾಯಿ ಮುಚ್ಚಿದಳು. ಎಕ್ಸ್‌ರೇ ಅಲ್ಲವಲ್ಲ, ಹೇಳಿ ಹೋದ ಸಲದಂತೆ ಆಗುವುದಕ್ಕಿಂತ ಸುಮ್ಮನಿರುವುದೇ ಮೇಲು ಅಂದುಕೊಂಡಳೆಂದು ಆಮೇಲೆ ನನಗೆ ಹೇಳಿದಳು. ಅವಳನ್ನು ಒಳಗೆ ಕರೆದುಕೊಂಡು ಹೋದರು. ಬಾಗಿಲು ಮುಚ್ಚಿತು.

ಸ್ವಲ್ಪ ಹೊತ್ತಿಗೆ ಶುರುವಾಯಿತು. ಹೊಲದಲ್ಲಿ ಬೋರ್‌ವೆಲ್ ಲಾರಿ ನಿಂತು ಬಂಡೆ ಕೊರೆಯುವಾಗ ಪಕ್ಕದ ಮನೆಯ ಗೋಡೆ ಹೇಗೆ ಗುದ್ದಿಸಿಕೊಳ್ಳುತ್ತದೋ ಹಾಗೆ. ನಿಲ್ಲುತ್ತಿತ್ತು, ಮುಗಿಯಿತು ಅನ್ನುವಷ್ಟರಲ್ಲಿ ಬೇರೊಂದು ತಾಳದಲ್ಲಿ ಮತ್ತೆ ಹಿಡಿಯುತ್ತಿತ್ತು. ಅಕ್ಕ ಸೆರಗಿನ ಗಂಟನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು. ಒಮ್ಮೆ ನನ್ನತ್ತ ಬಾಗಿ, "ಬರೀ ಅಯಸ್ಕಾಂತ ಅಂದ್ರಲ್ಲಾ, ಯಾಕೆ ಇಂಗೆ ಹೊಡ್ಕೋತದೆ ಅದು?" ಅಂದಳು. ಅದರ ಒಳಗಿನ ಸುರುಳಿಗಳಲ್ಲಿ ವಿದ್ಯುತ್ತು ಹರಿದು ನಿಂತು ಮಾಡುವಾಗ ಸದ್ದಾಗುತ್ತದೆ ಎಂದು ನಾನು ಸವಿಸ್ತಾರ ಪಾಠ ಹೇಳಿದೆ. ಅವಳು ಕೇಳಿಸಿಕೊಳ್ಳಲಿಲ್ಲ.

ಹೊರಗೆ ಬಂದಾಗ ಮಗಳ ಮುಖ ಬಿಳಿಚಿತ್ತು. ಸೊಂಟ ಹಿಡಿದ ಹೆಣ್ಣು ಸೊಂಟದ ಮೇಲೆ ಕೈಯಿಟ್ಟು ನಡೆಯುವುದು ಲೋಕರೂಢಿ. ಅವಳ ಕೈ ಹೊಟ್ಟೆಯ ಮೇಲಿತ್ತು. ಅದನ್ನು ನಾನು ನೋಡಿದೆ, ಅರ್ಥ ಮಾಡಿಕೊಳ್ಳಲಿಲ್ಲ.

ನರದ ವಿಷಯದಲ್ಲಿ ಅದೃಷ್ಟ ನೆಟ್ಟಗಿತ್ತು. ಬೆನ್ನುಮೂಳೆಯ ನಡುವಿನ ಡಿಸ್ಕು ಚಾಚಿಕೊಂಡು ನರಕ್ಕೆ ತಾಗಿದೆ, ಸದ್ಯಕ್ಕೆ ಆಪರೇಷನ್ ಬೇಡ, ಗಟ್ಟಿ ಹಾಸಿಗೆಯ ಮೇಲೆ ಮಲಗಿರಲಿ ಅಂದರು ಮೂಳೆ ಡಾಕ್ಟರು. ಮಲಗಿದಳು. ನಿಧಾನವಾಗಿ ಪಾದಕ್ಕೆ ಜೀವ ಬಂತು. ಮನೆಗೆ ಬಂದಿದ್ದ ಗಂಡಾಂತರ ಕಳೆಯಿತೆಂದು ನಾನೊಬ್ಬನೇ ನೆಮ್ಮದಿಯಾಗಿ ನಿದ್ದೆ ಮಾಡಿದೆ.

ಅವಳು ಕಾರಿನಲ್ಲಿ ಕೂರುವಂತಾದ ಮೇಲೆ ಒಂದು ದಿನ ಹೆಂಡತಿ, "ಸಿರಾಕ್ಕೆ ಹೋಗ್‌ಬರಣ, ನೀವೂ ಬನ್ನಿ, ಸೀರೆ ತರ್ಬೇಕು" ಅಂದಳು. ಮಧುಗಿರಿಯಲ್ಲಿ ಇಲ್ಲದ ಸೀರೆ ಸಿರಾದಲ್ಲಿ ಯಾವುದಿದೆಯೆಂದು ನಾನು ಕೇಳಲಿಲ್ಲ. ಗುಟ್ಟಿನ ಏರ್ಪಾಡು ಅದು: ನಮ್ಮೂರಿನ ಹೆರಿಗೆ ಡಾಕ್ಟರ ಹತ್ತಿರ ಹೋದರೆ ಸಂಜೆಗೆ ಬೀದಿಗೆ ತಿಳಿಯುತ್ತದೆ, ಸಿರಾದಲ್ಲಿ ನಮ್ಮನ್ನು ಬಲ್ಲವರು ಯಾರು? ಸಿರಾದಲ್ಲಿ ಇಳಿದ ಕೂಡಲೇ ಕಳ್ಳಂಬೆಳ್ಳದ ನೆಂಟರೊಬ್ಬರು ಸಿಕ್ಕಿ, "ಏನ್ ಮೇಷ್ಟ್ರೇ, ಸಂಸಾರ ಸಮೇತ?" ಅಂದರು. "ಸೀರೆ" ಅಂದಳು ಅಕ್ಕ. ಸೀರೆಯಂಗಡಿಯ ಪಕ್ಕದ ಮಹಡಿಯ ಮೆಟ್ಟಿಲನ್ನು ಮೂವರು ಹೆಂಗಸರೂ ಹತ್ತಿದರು. ನಾನು ಕೆಳಗೆ ಅಂಗಡಿಯ ಮುಂದೆ ನಿಂತೆ.

ತುಸು ಹೊತ್ತಿನಲ್ಲಿ ಹೆಂಡತಿ ಕೆಳಗಿಳಿದು ಬಂದು, "ಡಾಕ್ಟ್ರು ಕರೀತವ್ರೆ" ಅಂದಳು.

ವಯಸ್ಸಾದ ಲೇಡಿ ಡಾಕ್ಟರು ನನ್ನನ್ನು ಕೂರಿಸಿ ಒಂದೇ ಉಸಿರಿನಲ್ಲಿ ಎರಡು ಮಾತು ಹೇಳಿದರು. "ನೀವು ತಾತ ಆಗ್ತಿದ್ದೀರಿ. ಎಂಆರ್‌ಐ ಮಾಡುವಾಗ ಇವಳಿಗೆ ಇಂಜೆಕ್ಷನ್ ಕೊಟ್ಟರಾ?"

ಮೊದಲನೆಯ ವಾಕ್ಯಕ್ಕೆ ಸಂತೋಷಪಡಲು ಎರಡನೆಯದು ಅವಕಾಶ ಕೊಡಲಿಲ್ಲ. ಮಗಳು ಇಲ್ಲ ಅಂದಳು. ಅಕ್ಕ ಕೈಯ ಮೇಲೆ ಹತ್ತಿ ಅಂಟಿಸಿದ್ದು ಕಂಡೆ ಅಂದಳು. ಅದು ಹಿಂದಿನ ದಿನ ರಕ್ತ ತೆಗೆದದ್ದು ಅಂದಳು ಹೆಂಡತಿ. ಡಾಕ್ಟರು ನಮ್ಮನ್ನು ನಂಬದೆ, ಸ್ಕ್ಯಾನಿಂಗ್ ಸೆಂಟರಿನ ಕಾಗದದ ಮೇಲಿದ್ದ ನಂಬರಿಗೆ ತಾವೇ ಫೋನ್ ಮಾಡಿದರು. ಅತ್ತ ಕಡೆಯವರು ಹುಡುಕುತ್ತೇವೆ, ಲೈನಿನಲ್ಲಿರಿ ಅಂದರು. ಫ್ಯಾನು ತಿರುಗುತ್ತಿತ್ತು. ಮಗಳು ಮೇಜಿನ ಅಂಚನ್ನು ಹಿಡಿದಿದ್ದಳು.

"ಪ್ಲೇನ್ ಸ್ಕ್ಯಾನ್" ಅಂತ ಡಾಕ್ಟರು ಫೋನ್ ಇಟ್ಟರು. "ಔಷಧಿ ಕೊಟ್ಟಿಲ್ಲ. ಒಳ್ಳೇದಾಯ್ತು. ಆ ಚಿತ್ರ ಚೆನ್ನಾಗಿ ಬರಲಿ ಅಂತ ಕೊಡೋ ಔಷಧಿ ಬಸುರಿಯರಿಗೆ ಬೇಡ ಅಂತೀವಿ. ಇನ್ನು ಮ್ಯಾಗ್ನೆಟ್ಟು. ಅದು ಎಕ್ಸ್‌ರೇ ಥರ ಅಲ್ಲ. ಹೊಟ್ಟೇಲಿರೋ ಮಗುಗೆ ಅದರಿಂದ ಕೆಟ್ಟದ್ದಾಯ್ತು ಅಂತ ಇಲ್ಲಿಯವರೆಗೆ ಕಂಡುಬಂದಿಲ್ಲ. ಮೈ ಬಿಸಿಯಾಗೋದು, ಸದ್ದು, ಈ ಎರಡರ ಮೇಲೆ ಕಣ್ಣಿಟ್ಟಿರ್ತಾರೆ. ಅವೂ ಮಿತಿಯೊಳಗೇ ಇರ್ತವೆ. ಬೇಕೇಬೇಕು ಅನ್ನೋವಾಗ ಬಸುರಿ ಅಂತ ಗೊತ್ತಿದ್ದೇ ನಾವು ಮಾಡಿಸ್ತೀವಿ. ಆದರೆ ಅವರು ಕೇಳಿದಾಗ ನಿಜ ಹೇಳಬೇಕಿತ್ತು. ಔಷಧಿ ಕೊಡಬೇಕಾಗಿ ಬಂದಿದ್ದರೆ ಏನು ಮಾಡ್ತಿದ್ದಿರಿ?"

ಅಕ್ಕ ನೆಲ ನೋಡಿದಳು. ಆಮೇಲೆ ತಲೆಯೆತ್ತಿ, "ಅಂದ್ರೆ ಮಗಾ ಸರ್ಯಾಗಿ ಹುಟ್ತದೆ ಅಂತ ಗ್ಯಾರಂಟಿ ಕೊಡ್ತೀರಾ ಅಮ್ಮಾ?"

"ಯಾವ ಬಸುರಿಗೂ ನಾನು ಗ್ಯಾರಂಟಿ ಕೊಡಲ್ಲಮ್ಮ. ದೇವರೂ ಕೊಟ್ಟಿಲ್ಲ."

ಡಾಕ್ಟರು ನಗುತ್ತಾ ಹೇಳಿದ್ದು. ಅಕ್ಕ ಮೆಟ್ಟಿಲಿಳಿಯುವಾಗ ಆ ನಗುವನ್ನು ಅಲ್ಲೇ ಬಿಟ್ಟು, ಮಾತನ್ನು ಮಾತ್ರ ಸೆರಗಿಗೆ ಕಟ್ಟಿಕೊಂಡು ಬಂದಳು. ನಿಜ ಹೇಳುವುದಾದರೆ ನಾನೂ ಒಂದು ಮಾತನ್ನು ಕಟ್ಟಿಕೊಂಡು ಬಂದಿದ್ದೆ: "ಇಲ್ಲಿಯವರೆಗೆ". ವಿಜ್ಞಾನದಲ್ಲಿ ಅದು ಅತ್ಯಂತ ಪ್ರಾಮಾಣಿಕ ಪದ. ತರಗತಿಯಲ್ಲಿ ಅದನ್ನು ನಾನು ಬಹಳ ಹೆಮ್ಮೆಯಿಂದ ಬಳಸುತ್ತಿದ್ದೆ. ಸ್ವಂತ ಮಗಳ ಹೊಟ್ಟೆಯ ಮುಂದೆ ನಿಂತಾಗ ಅದು ಬಾಗಿಲು ಸ್ವಲ್ಪ ತೆರೆದಿಟ್ಟ ಹಾಗೆ ಕೇಳಿಸುತ್ತದೆ.

ಮಾರನೆಯ ದಿನ ಮೊದಲ ಬಸ್ಸಿಗೇ ನಾಗಲಮಡಿಕೆಯಿಂದ ಬೀಗಿತ್ತಿ ಬಂದರು. ಅಳಿಯನ ತಾಯಿ. ಅವರಿಗೆ ಯಾರು ಹೇಳಿದರು? ಅಳಿಯ. ಅಳಿಯನಿಗೆ? ಮಗಳು. ಹೀಗೆ ಗುಟ್ಟು ಅದರ ಪಾಡಿಗೆ ಗುಟ್ಟಾಗಿಯೇ ಓಡಾಡುತ್ತಿತ್ತು. ಬೀಗಿತ್ತಿ ಒಳ್ಳೆಯ ಹೆಂಗಸು, ಆದರೆ ಅವರಿಗೆ ಕೇಳಿದ್ದೆಲ್ಲ ಕಂಡಂತಾಗುತ್ತದೆ. ಕೈಕಾಲು ತೊಳೆದು ಕಾಫಿ ಕುಡಿದು, ಆಂಧ್ರದ ಗಡಿಯ ತೆಲುಗು ಬೆರೆತ ಕನ್ನಡದಲ್ಲಿ ಶುರು ಮಾಡಿದರು.

"ಮಾ ಕಡೆ ಒಂದು ಎಮ್ಮೆಗೆ ಪಕ್ಕದಲ್ಲೇ ಸಿಡಿಲು ಬಿತ್ತು ಬೀಗ್ರೇ. ಎಮ್ಮೆಗೇನೂ ಆಗ್ಲಿಲ್ಲ. ಚಕ್ಕಗಾ ಮೇವು ತಿಂತಿತ್ತು. ಕರ ಹುಟ್ತು ನೋಡಿ... ವದ್ದು, ಬಸುರಿ ಮುಂದೆ ಹೇಳ್ಬಾರ್ದು."

"ಹೇಳ್ಬಾರದಾಗಿದ್ದರೆ ಶುರು ಮಾಡ್ಬಾರದಾಗಿತ್ತು ಅತ್ತೆ" ಅಂದಳು ಮಗಳು, ಚಾಪೆಯ ಮೇಲೆ ಮಲಗಿದ್ದಲ್ಲಿಂದಲೇ.

"ಸಿಡಿಲಿಗೂ ಇದಕ್ಕೂ ಸಂಬಂಧ ಇಲ್ಲ ಬೀಗಿತ್ತಿಯಮ್ಮ" ಎಂದು ನಾನು ಗಂಟಲು ಸರಿಮಾಡಿಕೊಂಡು, ಅಯಸ್ಕಾಂತ, ವಿಕಿರಣ, ಇವೆರಡರ ವ್ಯತ್ಯಾಸ, ಡಾಕ್ಟರು ಹೇಳಿದ್ದು, ಎಲ್ಲವನ್ನೂ ಕ್ರಮವಾಗಿ ವಿವರಿಸಿದೆ. ಮೂವರು ಹೆಂಗಸರೂ ಮರ್ಯಾದೆಯಿಂದ ಕೇಳಿಸಿಕೊಂಡರು. ಮುಗಿದ ಮೇಲೆ ಬೀಗಿತ್ತಿ ಅಕ್ಕನ ಕಡೆ ತಿರುಗಿ, "ಇಪ್ಪುಡು ಏನ್ ಮಾಡೋಣ ಅಂತೀರಿ?" ಅಂದರು.

ಆ ಬಸಿರಿಗೆ ಅಕ್ಕನಷ್ಟು ಕಾವಲು ಕಾದವರು ಯಾರೂ ಇಲ್ಲ. ಹಜಾರದಲ್ಲಿ ಸುಳ್ಳು ಹೇಳಿದ್ದೂ ಆ ಕಾವಲಿನದೇ ಭಾಗ. ಹಾಗಾಗಿ ಅವಳ ಬಾಯಿಂದ ಬಂದ ಮಾತನ್ನು ನಾನು ಎಣಿಸಿರಲಿಲ್ಲ.

"ಯಾರ್ಗೂ ಗೊತ್ತಿಲ್ವಲ್ಲ" ಅಂದಳು. "ಗೊತ್ತಾಗಕ್ ಮುಂಚೇನೇ ಮುಗಿಸ್ಬುಟ್ರೆ ಆಗಾಕಿಲ್ವಾ. ಕೈಯೋ ಕಾಲೋ ಇಲ್ದಿದ್ ಮಗಾನ ಹೆತ್ತು ಜೀವ್ಮಾನ ಎಲ್ಲ ನೋಡೋದ್ಕಿಂತ. ಇನ್ನೊಂದ್ ಆಯ್ತದೆ. ವಯಸ್ಸೈತೆ."

ಅಲ್ಲಿಯವರೆಗೆ ನನಗೆ ಆ ಪದ್ಧತಿಯ ಈ ಮಗ್ಗುಲು ಹೊಳೆದಿರಲಿಲ್ಲ. ಮೂರು ತಿಂಗಳು ಯಾರಿಗೂ ಹೇಳದೆ ಇಟ್ಟ ಬಸಿರು ಯಾರ ಲೆಕ್ಕದಲ್ಲೂ ಇಲ್ಲದ ಬಸಿರು. ಹೋದರೆ ಯಾರೂ ಯಾಕೆಂದು ಕೇಳುವಂತಿಲ್ಲ. ದೃಷ್ಟಿ ತಾಗದಿರಲೆಂದು ಕಟ್ಟಿದ ಬೇಲಿಯೊಳಗೆ, ಮನೆಯವರು ಏನು ಮಾಡಿದರೂ ಹೊರಗೆ ಕಾಣುವುದಿಲ್ಲ.

"ಡಾಕ್ಟರು ಇದಕ್ಕೆ ತೆಗೆಯೋ ಕಾರಣವೇ ಇಲ್ಲ ಅಂತಾರೆ. ಒಪ್ಪಲ್ಲ" ಅಂದೆ.

"ಡಾಕ್ಟ್ರು ಎಂದುಕು?" ಅಂದರು ಬೀಗಿತ್ತಿ, ದನಿ ತಗ್ಗಿಸಿ. "ಮಾತ್ರೆ ಸಿಗ್ತಾವಂತೆ. ಮಾ ಊರಲ್ಲಿ ಒಬ್ಬಮ್ಮ ತಂದ್ಕೊಡ್ತಾರೆ. ಹಾಲಲ್ಲಿ ತಗೊಂಡ್ರೆ ನೋವು ಕಡಿಮೆಯಂತೆ."

"ತಂದಿದ್ದೀರಾ?" ಕೇಳಿದಳು ಮಗಳು.

ಬೀಗಿತ್ತಿಯ ಕೈಚೀಲ ಅಡಿಗೆಮನೆಯ ಗೂಟದಲ್ಲಿ ನೇತಾಡುತ್ತಿತ್ತು. ಎಲ್ಲರೂ ಒಮ್ಮೆ ಅತ್ತ ನೋಡಿದೆವು. ನೋಡಿದ್ದನ್ನು ಒಬ್ಬರಿಂದೊಬ್ಬರು ಮರೆಮಾಚಿದೆವು.

ಅಳಿಯನಿಗೆ ಫೋನ್ ಹಚ್ಚಿದರು. ಸ್ಪೀಕರಿನಲ್ಲಿ ಗಾಳಿಯ ಸದ್ದು, ಅದರ ಹಿಂದೆ ಅವನು. "ನೀವೆಲ್ಲ ದೊಡ್ಡೋರು. ನೀವು ಹೆಂಗಂತೀರೋ ಹಂಗೆ." ಮಗಳು ಕೈಚಾಚಿ ತಾನೇ ಫೋನ್ ಆಫ್ ಮಾಡಿದಳು.

ಹೆಂಡತಿಯನ್ನು ಹಿತ್ತಲಲ್ಲಿ ಕೇಳಿದೆ, ನೀನೇನಂತೀಯ ಅಂತ. "ನಾನೇನನ್ಲಿ?" ಅಂದಳು. "ಹೋದ್ಸಲ ರಕ್ತ ಒರೆಸ್ದೋಳು ನಾನು. ಇರ್ಲಿ ಅಂತ ಒಂದ್ ಸಲ ಅನ್ಸುತ್ತೆ. ಇಟ್ಕೊಂಡು ಏನಾರ ಆದ್ರೆ ಅಂತ ಇನ್ನೊಂದ್ ಸಲ." ನನ್ನ ಸ್ಥಿತಿಯೂ ಅದೇ. ವ್ಯತ್ಯಾಸವೆಂದರೆ ಅವಳು ಒಪ್ಪಿಕೊಂಡಳು. ನಾನು ಡಾಕ್ಟರ ಮಾತನ್ನು ಮತ್ತೆ ಮೊದಲಿಂದ ಹೇಳತೊಡಗಿದೆ.

ಆ ದಿನ ಸಂಜೆ ಅಕ್ಕ ಹಾಲು ಬಿಸಿಮಾಡಿ ಮಗಳ ತಲೆದೆಸೆಯಲ್ಲಿ ಇಟ್ಟಳು. ದಿನಾ ಇಡುವುದೇ. ಮಗಳು ಲೋಟವನ್ನು ನೋಡಿದಳು, ಅಕ್ಕನನ್ನು ನೋಡಿದಳು, ಕುಡಿಯಲಿಲ್ಲ. ಹಾಲಿನ ಮೇಲೆ ಕೆನೆ ಕಟ್ಟಿತು. ಬೆಳಿಗ್ಗೆ ನನ್ನ ಹೆಂಡತಿ ತಂದ ಕಾಫಿಯನ್ನೂ ಅವಳು ಮುಟ್ಟಲಿಲ್ಲ. ಗೋಡೆ ಹಿಡಿದು ಎದ್ದು, ಒಂದು ಕಾಲು ಎಳೆಯುತ್ತಾ ಅಡಿಗೆಮನೆಗೆ ಹೋಗಿ, ಪಾತ್ರೆಯನ್ನು ತಾನೇ ತೊಳೆದು, ಹೊಸ ಪ್ಯಾಕೆಟ್ ಒಡೆದು ಹಾಲು ಕಾಯಿಸಿಕೊಂಡಳು. ಉಕ್ಕುವವರೆಗೂ ಒಲೆ ಬಿಟ್ಟು ಕದಲಲಿಲ್ಲ. ನಾವು ನಾಲ್ವರೂ ಬಾಗಿಲಲ್ಲಿ ನಿಂತು ನೋಡಿದೆವು.

"ಏನವ್ವಾ ಇದು" ಅಂದಳು ಅಕ್ಕ. "ನಾನು ನಿಂಗೆ ಅಂಥದ್ ಹಾಕ್ತೀನಾ?"

"ನೀನ್ ಹಾಕ್ತೀಯಾ ಅಂತ ನಾನೆಲ್ಲಿ ಅಂದೆ ಅತ್ತೆ? ನಂಗೆ ಕಾಫಿ ಬೇಕಿತ್ತು, ಮಾಡ್ಕೊಂಡೆ."

ಲೋಟ ಹಿಡಿದು ಅವಳು ನಿಧಾನವಾಗಿ ಮುಂಬಾಗಿಲಿಗೆ ಹೋಗಿ ಜಗುಲಿಯ ಮೇಲೆ ಕೂತಳು. ನಲ್ಲಿ ನೀರು ಬಂದಿದ್ದ ಹೊತ್ತು. ಬೀದಿಯಲ್ಲಿ ಕೊಡ ಹಿಡಿದವರು ತುಂಬಿದ್ದರು. ಅವಳು ಫೋನ್ ತೆಗೆದು ತನ್ನ ಶಾಲೆಯ ಹೆಡ್ ಮೇಡಮ್ಮಿಗೆ ಹಚ್ಚಿದಳು. ಪಾಠ ಹೇಳುವ ಗಂಟಲು ಅದು, ಕಡೆಯ ಬೆಂಚಿಗೂ ಮುಟ್ಟುತ್ತದೆ.

"ಮೇಡಂ, ನಮಸ್ಕಾರ. ಇಲ್ಲ, ಸೊಂಟ ವಾಸಿ. ಒಂದು ವಿಷಯ ಹೇಳೋಣ ಅಂತ. ನಾನು ಬಸುರಿ. ಹೂಂ ಮೇಡಂ. ಇನ್ನೂ ಮೂರು ತುಂಬಿಲ್ಲ. ಪರವಾಗಿಲ್ಲ, ಎಲ್ಲರಿಗೂ ಹೇಳಿ. ಬಿಸಿಯೂಟದವರಿಗೂ ಹೇಳಿ."

ನಲ್ಲಿಯ ಹತ್ತಿರ ಕೊಡಗಳ ಸದ್ದು ನಿಂತಿತು. ಒಳಗೆ ಅಕ್ಕ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು.

ಮಗಳು ಅಲ್ಲಿಗೆ ಬಿಡಲಿಲ್ಲ. ಕೊರಟಗೆರೆಯ ಅವಳ ಚಿಕ್ಕಮ್ಮನಿಗೆ, ಕಳ್ಳಂಬೆಳ್ಳದ ನೆಂಟರಿಗೆ, ಪಾವಗಡದಲ್ಲಿರುವ ಗಂಡನ ದೊಡ್ಡಪ್ಪನ ಮನೆಗೆ ಒಂದಾದ ಮೇಲೊಂದು ಫೋನ್ ಮಾಡಿದಳು. ಸರ್ಕಾರದ ಯಾವ ಸುತ್ತೋಲೆಯೂ ನಾಲ್ಕು ತಾಲ್ಲೂಕನ್ನು ಅಷ್ಟು ಬೇಗ ಮುಟ್ಟಿದ್ದಿಲ್ಲ. ಪ್ರತಿಯೊಬ್ಬರಿಗೂ ಅದೇ ಮಾತು, ಅದೇ ದನಿ. ಕೊಡ ಇಳಿಸಿ ಒಬ್ಬಾಕೆ ಜಗುಲಿಗೆ ಬಂದು, "ಹೌದಾ ನಮ್ಮವ್ವ? ಏನ್ ತಿನ್ಬೇಕ್ ಅನ್ಸುತ್ತೆ ಹೇಳು" ಅಂದಾಗ ಮಾತ್ರ ಅವಳ ಕಣ್ಣು ತುಂಬಿತು.

ಒಳಗೆ ಬೀಗಿತ್ತಿಯ ಫೋನ್ ಹೊಡೆದುಕೊಳ್ಳಲು ಶುರುವಾಯಿತು. ಪಾವಗಡದ ವಾರಗಿತ್ತಿ. ಬೀಗಿತ್ತಿ ನನ್ನನ್ನು ನೋಡಿದರು, ಫೋನನ್ನು ನೋಡಿದರು, ಕಡೆಗೆ ಕಿವಿಗಿಟ್ಟರು. "ಔನಮ್ಮಾ... ಹೂಂ, ನಿಜಮೇ... ಸಂತೋಷಂ. ದೇವ್ರು ಕಣ್ಬಿಟ್ಟ. ಸುಬ್ರಮಣ್ಯ ಸ್ವಾಮಿಗೆ ಮುಡುಪು ಕಟ್ಟಿದ್ದೆ." ಮೂರನೆಯ ಕರೆಯ ಹೊತ್ತಿಗೆ ಅವರು ಮುಡುಪನ್ನು ನಿಜವಾಗಿಯೂ ಕಟ್ಟಿದ್ದರು ಎನ್ನುವಂತೆ ಮಾತಾಡುತ್ತಿದ್ದರು. ಮಧ್ಯಾಹ್ನದ ಬಸ್ಸಿಗೆ ಹೊರಟಾಗ ಕೈಚೀಲ ತೆಗೆದುಕೊಂಡು ಸೊಸೆಯ ಹಣೆಗೆ ಕುಂಕುಮವಿಟ್ಟರು. ಚೀಲದಲ್ಲಿ ಏನಿತ್ತೆಂದು ನಾನು ಇವತ್ತಿಗೂ ಕೇಳಿಲ್ಲ.

ಆಮೇಲಿನ ತಿಂಗಳುಗಳನ್ನು ನಮ್ಮ ಮನೆ ಉಸಿರು ಹಿಡಿದು ಕಳೆಯಿತು. ಎಲ್ಲರಿಗೂ ಗೊತ್ತಾಗಿದ್ದರಿಂದ ದಿನಕ್ಕೊಬ್ಬರು ಬಂದು ವಿಚಾರಿಸುವವರು. ಬಂದವರಿಗೆ ಎಂಆರ್‌ಐ ಸುದ್ದಿಯೂ ಹೇಗೋ ಗೊತ್ತಿರುತ್ತಿತ್ತು. "ಏನೂ ಆಗಲ್ಲ ಬಿಡಿ ಮೇಷ್ಟ್ರೇ" ಅನ್ನುವಾಗ ಅವರು ನನ್ನ ಕಣ್ಣು ತಪ್ಪಿಸುತ್ತಿದ್ದರು. ಮಗಳ ಹೊಟ್ಟೆಯಲ್ಲಿ ಮಗು ಆಡಿದರೆ ಯಾಕಿಷ್ಟು ಆಡುತ್ತೆ ಅನ್ನುವಳು ಅಕ್ಕ. ಆಡದಿದ್ದರೆ ಬೆನ್ನು ತಿರುಗಿಸಿ ಅಳುವಳು. ಐದನೇ ತಿಂಗಳ ಸ್ಕ್ಯಾನಿಂಗಿನಲ್ಲಿ ಡಾಕ್ಟರು ತೆರೆಯ ಮುಂದೆ ಬಹಳ ಹೊತ್ತು ಬಾಗಿ ಕೂತಿದ್ದರು. ಬಾಗಿಲ ಸಂದಿನಿಂದ ಅವರ ಬೆನ್ನು ಮಾತ್ರ ಕಾಣುತ್ತಿತ್ತು. ನಾನು ಪಾಠ ಹೇಳಿದ್ದೆಲ್ಲ ಮರೆತು, ನನಗೆ ಬರುವ ಒಂದೇ ಒಂದು ಸ್ತೋತ್ರದ ಮೊದಲ ಸಾಲನ್ನು ಮತ್ತೆಮತ್ತೆ ಹೇಳಿಕೊಂಡೆ, ಎರಡನೆಯದು ಬರುತ್ತಿರಲಿಲ್ಲ. "ಮಗು ಮಗ್ಗುಲಾಗಿ ಮಲಗಿದೆ, ಸ್ವಲ್ಪ ಓಡಾಡಿಕೊಂಡು ಬಾಮ್ಮ" ಅಂದರು ಕಡೆಗೆ. ಓಡಾಡಿಕೊಂಡು ಬಂದಳು. ಕಾಣಬೇಕಾದದ್ದೆಲ್ಲ ಸರಿಯಾಗಿಯೇ ಕಂಡಿತು.

ಹೆರಿಗೆಯಾಯಿತು. ಹೆಣ್ಣು. ಅಕ್ಕ ಮಗುವನ್ನು ಕೈಗೆ ತೆಗೆದುಕೊಂಡವಳು ಮುಖ ನೋಡಲಿಲ್ಲ. ಬಟ್ಟೆ ಬಿಡಿಸಿ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಆಮೇಲೆ ಕಿವಿಯ ಪರೀಕ್ಷೆ. ಆಸ್ಪತ್ರೆಯಲ್ಲಿ ಯಂತ್ರವಿಟ್ಟು ಕಿವಿ ಕೇಳುತ್ತದೆಂದು ಹೇಳಿದ್ದು ಅವಳಿಗೆ ಸಾಲಲಿಲ್ಲ. ಬಾಣಂತಿ ಕೋಣೆಯ ಬಾಗಿಲಲ್ಲಿ ನಿಂತು, ಮಗುವಿನ ಬೆನ್ನ ಹಿಂದೆ ಸ್ಟೀಲ್ ತಟ್ಟೆ ಎತ್ತಿ ಹಾಕಿದಳು. ಮಗು ಬೆಚ್ಚಿ ಕಿರುಚಿತು. ನಾವೆಲ್ಲ ನಕ್ಕೆವು.

"ಒಂದ್ ಕಿವಿ ಕೇಳ್ಸಿರ್ಬೋದು" ಅಂದಳು ಅಕ್ಕ.

ಈಗ ಆ ಕೂಸು ತಾನೇ ಕೂತು ತಿನ್ನುತ್ತದೆ. ಮೊನ್ನೆ ನೆಲದ ಮೇಲೆ ತಟ್ಟೆಯಿಟ್ಟು ಅನ್ನ ಮೊಸರು ಕಲಸಿ ಕೊಟ್ಟಿದ್ದರು. ಅದು ಎಡಗೈ ಹಾಕಿತು. ಅಮ್ಮ ಕೈ ಬದಲಿಸಿದಳು. ಮಗು ಬಲಗೈಯನ್ನು ನೋಡಿ, ಅದು ಯಾರದೋ ಎನ್ನುವಂತೆ ಕೆಳಗಿಟ್ಟು, ಮತ್ತೆ ಎಡಗೈಯನ್ನೇ ಹಾಕಿತು. ಇದು ಇತ್ತೀಚೆಗೆ ಎಲ್ಲದರಲ್ಲೂ ನಡೆಯುತ್ತಿತ್ತು: ಆಟದ ಸಾಮಾನು, ಬಳಪ, ಬಾಚಣಿಗೆ. ನಾನು ಕಂಡಿದ್ದೆ, ಯಾರಿಗೂ ಹೇಳಿರಲಿಲ್ಲ. ಎಡಗೈಯವರು ಲೋಕದಲ್ಲಿ ಎಷ್ಟೋ ಜನ ಇದ್ದಾ‌ರೆ, ಅವರ ತಾಯಂದಿರು ಯಾವ ಯಂತ್ರದೊಳಗೂ ಮಲಗಿದವರಲ್ಲ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಅಂದರೆ ಹೇಳಿಕೊಳ್ಳುವ ಅಗತ್ಯ ಬಿದ್ದಿತ್ತು.

ಅಕ್ಕ ಗೋಡೆಗೊರಗಿ ಕೂತಿದ್ದವಳು ಮುಂದಕ್ಕೆ ಬಾಗಿದಳು. ಮಗುವಿನ ಕೈಯನ್ನು ನೋಡಿದಳು. ನನ್ನನ್ನು ನೋಡಿದಳು. ಅವಳ ಬಾಯಲ್ಲಿ ಏನಿದೆಯೆಂದು ಮನೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

"ಅತ್ತೆ" ಅಂದಳು ಮಗಳು.

ಅಷ್ಟೇ ಅಂದದ್ದು. ಆಮೇಲೆ ತಟ್ಟೆಯನ್ನು ಮಗುವಿನ ಎಡಗೈಗೆ ಇನ್ನೂ ಸ್ವಲ್ಪ ಹತ್ತಿರ ಸರಿಸಿದಳು.